ಬೆಟ್ಟ ಹತ್ತಿದಂತೆ ಬಿಲ್ಲೂ ಹತ್ತುತ್ತದೆ: ಸಾಹಸ ಪ್ರವಾಸದ ದಿನದ ಖರ್ಚು, ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಇಬ್ಬರು ಗೆಳೆಯರು ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದೇವೆ. ನೇಪಾಳದಲ್ಲಿ ವಿಮಾನ ಇಳಿದು ನಡಿಗೆ ಶುರುಮಾಡುವ ಲುಕ್ಲಾದಿಂದ ಮತ್ತೆ ಲುಕ್ಲಾಕ್ಕೆ 12 ದಿನ. ಉಳಿಯುವುದು, ತಿನ್ನುವುದು ಎಲ್ಲ ಸೇರಿ ತಲಾ ದಿನಕ್ಕೆ 2,000 ಭಾರತೀಯ ರೂಪಾಯಿ ಇಟ್ಟುಕೊಂಡಿದ್ದೇವೆ. ಸಾಕಾಗುತ್ತದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ದಾರಿಯ ಕೆಳಗಿನ ಊರುಗಳಲ್ಲಿ, ಅಂದರೆ ತೆಂಗ್‌ಬೋಚೆವರೆಗೆ, ಹೆಚ್ಚುಕಡಿಮೆ ಸಾಕು. ಅದರಾಚೆ ಸಾಲದು. ಈ ದಾರಿಯಲ್ಲಿ ದಿನದ ಖರ್ಚಿಗೆ ಒಂದೇ ಸರಾಸರಿ ಹಿಡಿಯುವುದೇ ತಪ್ಪು. ದಾರಿಯ ಮುಖ್ಯ ಊರಾದ ನಾಮ್ಚೆ ದಾಟಿದ ಮೇಲೆ ಅಕ್ಕಿ, ಗ್ಯಾಸ್, ಸೀಮೆಎಣ್ಣೆ ಎಲ್ಲವೂ ಯಾಕ್ ಅಥವಾ ಕೂಲಿಯವರ ಬೆನ್ನ ಮೇಲೆ ಬರಬೇಕು. ಸಾಗಣೆಯ ಒಂದೊಂದು ದಿನ ಹೆಚ್ಚಿದಂತೆ ಮೆನು ಕಾರ್ಡಿನ ದರವೂ ಏರುತ್ತದೆ. ಒಂದೂರಿನ ಲಾಡ್ಜುಗಳ ದರ ಬಹುತೇಕ ಒಂದೇ ಆಗಿರುವುದರಿಂದ ಊಟದ ವಿಷಯದಲ್ಲಿ ಚೌಕಾಸಿ ನಡೆಯುವುದಿಲ್ಲ.

ಲೆಕ್ಕವನ್ನು ನೇಪಾಳಿ ರೂಪಾಯಿಯಲ್ಲೇ ಹಾಕಿ. ನಮ್ಮ 1 ರೂಪಾಯಿಗೆ ಅವರ 1.60. 1993ರಿಂದ ಈ ದರ ಕದಲಿಲ್ಲ, ಹಾಗಾಗಿ ಒಳ್ಳೆಯ ದರಕ್ಕೆಂದು ಅಂಗಡಿಯಿಂದ ಅಂಗಡಿಗೆ ಅಲೆಯುವ ಕೆಲಸವಿಲ್ಲ. ಇಲ್ಲಿ ಕೊಡುವ ಅಂಕಿಗಳು ಯೋಜನೆಗಾಗಿ. ಸೀಸನ್‌ನಲ್ಲಿ ಹತ್ತು-ಹದಿನೈದು ಪರ್ಸೆಂಟ್ ಆಚೀಚೆ ಆದೀತು.

ಲುಕ್ಲಾ (2,860 ಮೀಟರ್), ಫಾಕ್ಡಿಂಗ್, ನಾಮ್ಚೆ (3,440), ತೆಂಗ್‌ಬೋಚೆ (3,860) ಇವು ಕೆಳಗಿನ ಹಂತ. ಇಬ್ಬರ ಕೋಣೆಯಲ್ಲಿ ನಿಮ್ಮ ಪಾಲು 500, ಬೆಳಗಿನ ತಿಂಡಿ 600, ಮಧ್ಯಾಹ್ನ 800, ರಾತ್ರಿ ದಾಲ್ ಭಾತ್ 800, ಎರಡು ಸಲ ಚಹಾ 300, ಎರಡು ಲೀಟರ್ ಕುದಿಸಿದ ನೀರು 300. ಒಟ್ಟು 3,300 ನೇಪಾಳಿ ರೂ.

ದಿಂಗ್‌ಬೋಚೆಯಿಂದ (4,410) ಮೇಲೆ ಚಿತ್ರ ಬೇರೆ. ಕೋಣೆ 700, ತಿಂಡಿ 900, ಮಧ್ಯಾಹ್ನ 1,000, ರಾತ್ರಿ 1,100. ಚಳಿಗೆ ಶುಂಠಿ ಚಹಾ ಮೂರಾಗುತ್ತದೆ, 600. ನೀರು 600. ಕೆಳಗೆ ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಸಿಗುತ್ತಿದ್ದ ಮೊಬೈಲ್ ಚಾರ್ಜಿಂಗ್ ಇಲ್ಲಿ 500, ಇಂಟರ್‌ನೆಟ್ ಕಾರ್ಡಿನ ಒಂದು ದಿನದ ಪಾಲು 300. ಒಟ್ಟು 5,700. ಬಿಸಿನೀರಿನ ಸ್ನಾನಕ್ಕೆ 500ರಿಂದ 800 ಕೇಳುತ್ತಾರೆ. ನಾವದನ್ನು ಲೆಕ್ಕಕ್ಕೆ ಸೇರಿಸಿಲ್ಲ, ಯಾಕೆಂದರೆ ಆ ಎತ್ತರದಲ್ಲಿ ತಲೆಗೆ ನೀರು ಹಾಕಿಕೊಂಡು ಚಳಿ ಹಿಡಿಸಿಕೊಳ್ಳದಿರುವುದೇ ಮೇಲು.

ನಿಮ್ಮ 12 ದಿನಗಳಲ್ಲಿ ದಿಂಗ್‌ಬೋಚೆಯ ಎರಡು ರಾತ್ರಿ, ಲೋಬುಚೆ, ಗೋರಕ್‌ಶೆಪ್ ಮತ್ತು ಇಳಿಯುವಾಗಿನ ಫೆರಿಚೆ ಸೇರಿ ಐದು ದಿನ ಮೇಲಿನ ದರ, ಉಳಿದ ಏಳು ದಿನ ಕೆಳಗಿನ ದರ. 23,100 ಮತ್ತು 28,500 ಸೇರಿ 51,600 ನೇಪಾಳಿ ರೂ. ನಮ್ಮ ಹಣದಲ್ಲಿ 32,250. ನೀವು ಇಟ್ಟಿದ್ದು 24,000. ತಲಾ 8,250 ಕೊರತೆ. ಅದೂ ಎಟಿಎಂ ಇಲ್ಲದ ಜಾಗದಲ್ಲಿ!

ಇನ್ನು ದಿನದ ಖರ್ಚಿಗೆ ಬೆರೆಸಲೇಬಾರದ, ಬೇರೆಯೇ ಎತ್ತಿಡಬೇಕಾದ ಹಣವಿದೆ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ (ಭಾರತೀಯರೂ ಸೇರಿ) 1,500 ನೇಪಾಳಿ ರೂ., ಅದರ ಮೇಲೆ 13% ವ್ಯಾಟ್, ಒಟ್ಟು 1,695. ಈ ಚಾರಣ ಸಾಗುವ ಖುಂಬು ಪ್ರದೇಶದ ಸ್ಥಳೀಯಾಡಳಿತವಾದ ಖುಂಬು ಪಾಸಾಂಗ್ ಲ್ಹಾಮು ಗ್ರಾಮಪಾಲಿಕೆಯ ಶುಲ್ಕಕ್ಕೆ 3,000 ಹಿಡಿಯಿರಿ. ಮೊದಲನೆಯದಕ್ಕೆ ಸಾರ್ಕ್ ರಿಯಾಯಿತಿ ಸಿಗಬೇಕಾದರೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ನೇಪಾಳಕ್ಕೆ ವಿಮಾನದಲ್ಲಿ ಹೋಗಲು ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಆದರೆ ಆಧಾರ್ ಒಂದನ್ನೇ ಹಿಡಿದು ಹೋದ ವಯಸ್ಕರನ್ನು ಬೆಂಗಳೂರಿನ ಕೌಂಟರಿನಲ್ಲೇ ತಡೆಯುತ್ತಾರೆ.

ಗೈಡ್ ದಿನಕ್ಕೆ 4,000, ಪೋರ್ಟರ್ 3,000 ಅಂದುಕೊಂಡರೆ 12 ದಿನಕ್ಕೆ 84,000. ಇಬ್ಬರಿಗೆ ಹಂಚಿದರೆ ತಲಾ 42,000 ನೇಪಾಳಿ, ಅಂದರೆ 26,250 ಭಾರತೀಯ ರೂ. ಇಷ್ಟು ಬೇಡವೆನಿಸಿದರೆ ದಾರಿಯನ್ನೂ ತೋರಿಸಿ ಹತ್ತು-ಹನ್ನೆರಡು ಕಿಲೋ ಹೊರುವ 'ಪೋರ್ಟರ್-ಗೈಡ್' ಒಬ್ಬರೇ ಸಾಕು. ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯವೆಂದು 2023ರ ಏಪ್ರಿಲ್‌ನಲ್ಲಿ ನಿಯಮ ಬಂತಾದರೂ ಖುಂಬುವಿನ ಸ್ಥಳೀಯಾಡಳಿತ ತನ್ನ ಪ್ರದೇಶದಲ್ಲಿ ಅದನ್ನು ಹೇರಿಲ್ಲ. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಕೂಲಿ ಮಾತಾಡುವಾಗ ಅವರ ಊಟ, ವಸತಿ, ವಿಮೆ ಆ ದರದಲ್ಲಿ ಸೇರಿದೆಯೇ ಎಂದು ಬಾಯಿ ಬಿಟ್ಟು ಕೇಳಿ. ಜಗಳ ಹುಟ್ಟುವುದು ಬಹುಪಾಲು ಇಲ್ಲೇ. ಕೊನೆಗೆ ಕೊಡುವ ಭಕ್ಷೀಸಿಗೆ ಕೂಲಿಯ ಹತ್ತು-ಹದಿನೈದು ಪರ್ಸೆಂಟ್ ಎತ್ತಿಡಿ.

ಲುಕ್ಲಾ ವಿಮಾನಕ್ಕೆ ನೇಪಾಳಿಗಳಿಗೊಂದು, ಭಾರತೀಯರಿಗೊಂದು, ಉಳಿದ ವಿದೇಶಿಯರಿಗೊಂದು ದರ. ಭಾರತೀಯರ ದರವನ್ನೇ ಕೇಳಿ. ಕೆಲವು ಏಜೆಂಟರು ಡಾಲರ್ ದರವನ್ನೇ ಹೇಳಿಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಹೆಚ್ಚಿನ ವಿಮಾನಗಳು ಕಠ್ಮಂಡುವಿನಿಂದಲ್ಲ, ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಹಾರುತ್ತವೆ. ಅಲ್ಲಿಗೆ ನಾಲ್ಕೈದು ಗಂಟೆ ಜೀಪ್ ಪ್ರಯಾಣ, ನಡುರಾತ್ರಿ ಒಂದು-ಎರಡಕ್ಕೆ ಹೊರಡಬೇಕು. ಜೀಪಿನ ಸೀಟು ಟಿಕೆಟ್ಟಿನಲ್ಲಿ ಸೇರಿದೆಯೋ ಇಲ್ಲವೋ ನೋಡಿ.

ಮೋಡ ಕವಿದರೆ ಲುಕ್ಲಾದಲ್ಲಿ ಒಂದಲ್ಲ, ಎರಡು-ಮೂರು ದಿನ ಕೂರಬೇಕಾದೀತು. ಎರಡು ದಿನಕ್ಕೆ 6,600 ನೇಪಾಳಿ ರೂ. ಬೇರೆ ಕವರಿನಲ್ಲಿಟ್ಟು ಅಂಟಿಸಿಬಿಡಿ. ಕಠ್ಮಂಡುವಿನಿಂದ ಬೆಂಗಳೂರಿಗೆ ಮರಳುವ ಟಿಕೆಟ್ಟನ್ನು ಚಾರಣ ಮುಗಿದ ಮರುದಿನಕ್ಕೇ ಮಾಡಿಸುವವರು ಹಣ ಉಳಿಸುತ್ತಿಲ್ಲ, ಜೂಜಾಡುತ್ತಿದ್ದಾರೆ. ವಿಮಾನ ತಪ್ಪುತ್ತದೆಂದು ಲುಕ್ಲಾದಿಂದ ಹೆಲಿಕಾಪ್ಟರಿನಲ್ಲಿ ಪಾಲು ಸೀಟು ಹಿಡಿದರೆ ಕೆಲವು ನೂರು ಡಾಲರ್ ಒಂದೇ ಏಟಿಗೆ ಹೋಗುತ್ತದೆ.

ಖರ್ಚು ತಗ್ಗಿಸಲೆಂದು ನಾಮ್ಚೆ ಮತ್ತು ದಿಂಗ್‌ಬೋಚೆಯಲ್ಲಿ ಮೈ ಒಗ್ಗಿಸಿಕೊಳ್ಳುವ ಒಂದೊಂದು ದಿನವನ್ನು ಮಾತ್ರ ಕತ್ತರಿಸಬೇಡಿ. ಉಳಿಯುವುದು ಇಬ್ಬರಿಗೂ ಸೇರಿ ಹತ್ತು-ಹನ್ನೊಂದು ಸಾವಿರ ಭಾರತೀಯ ರೂಪಾಯಿ. ತಲೆನೋವು, ವಾಂತಿ ಶುರುವಾಗಿ ಇಳಿಯಬೇಕಾಗಿ ಬಂದರೆ ಇಡೀ ಪ್ರವಾಸದ ಹಣವೇ ಹೋಗುತ್ತದೆ.

ಪ್ರಶ್ನೆ: ಮೇಲೆ ಊಟ ದುಬಾರಿ ಎನ್ನುತ್ತಾರೆ. ಅವಲಕ್ಕಿ, ರವೆ, ರೆಡಿಮೇಡ್ ಪೊಟ್ಟಣಗಳನ್ನು ಮನೆಯಿಂದಲೇ ಒಯ್ದರೆ ಎಷ್ಟು ಉಳಿಸಬಹುದು? (ಶಿವಮೊಗ್ಗದ ಓದುಗರು)

ಉತ್ತರ: ಅಂದುಕೊಂಡಷ್ಟು ಉಳಿಯುವುದಿಲ್ಲ. ಲಾಡ್ಜಿನವರು ಕೋಣೆಯನ್ನು ಅಗ್ಗಕ್ಕೆ ಕೊಡುವುದೇ ರಾತ್ರಿಯೂಟ, ಬೆಳಗಿನ ತಿಂಡಿ ಅಲ್ಲೇ ಮಾಡುತ್ತೀರಿ ಎಂಬ ಲೆಕ್ಕದಲ್ಲಿ. ಹೊರಗೆ ಉಂಡರೆ ಕೋಣೆಯ ದರವನ್ನು ಎರಡು-ಮೂರು ಪಟ್ಟು ಹಾಕುವುದುಂಟು, ಅದು ಅವರ ಹಕ್ಕೇ ಸರಿ. ಬರೀ ಬಿಸಿನೀರು ಕೇಳಿದರೂ ಅದಕ್ಕೆ ದರವಿದೆ. ಜೊತೆಗೆ ಲುಕ್ಲಾ ವಿಮಾನದಲ್ಲಿ ಕೈಚೀಲವೂ ಸೇರಿ ಒಟ್ಟು 15 ಕಿಲೋ ಮಿತಿ. ಮೂರು ಕಿಲೋ ರವೆ ಹೊತ್ತರೆ ಅಷ್ಟು ಬೆಚ್ಚನೆ ಬಟ್ಟೆ ಬಿಡಬೇಕು.

ಒಯ್ಯಬೇಕಾದದ್ದು ಬೇರೆ. ಕಾಲು ಕಿಲೋ ಚಟ್ನಿಪುಡಿ ಅಥವಾ ಮೆಂತ್ಯದ ಹಿಟ್ಟು, ಒಂದಿಷ್ಟು ಉಪ್ಪಿನಕಾಯಿ, ಹುರಿದ ಶೇಂಗಾ, ಬೆಲ್ಲದ ಚಿಕ್ಕಿ, ಚಹಾಪುಡಿ. ಎತ್ತರದಲ್ಲಿ ಬಾಯಿರುಚಿ ಸತ್ತುಹೋಗುತ್ತದೆ. ಹಣ ಕೊಟ್ಟ ಊಟವನ್ನು ಅರ್ಧಕ್ಕೆ ಬಿಡುವುದೇ ನಿಜವಾದ ನಷ್ಟ. ಅನ್ನದ ಮೇಲೆ ಒಂದು ಚಮಚ ಪುಡಿ ಬಿದ್ದರೆ ತಟ್ಟೆ ಖಾಲಿಯಾಗುತ್ತದೆ. ಚಿಕ್ಕಿಯಿಂದ ದಾರಿಯಲ್ಲಿ ಚಾಕೊಲೇಟಿಗೆ ತೆರುವ 300-400 ಉಳಿಯುತ್ತದೆ.

ಮೆನುವಿನಲ್ಲಿ ಕೊಟ್ಟ ಹಣಕ್ಕೆ ತೂಕ ಬರುವುದು ದಾಲ್ ಭಾತ್ ಒಂದೇ. ಅನ್ನ, ಬೇಳೆ, ಪಲ್ಯ ಮತ್ತೆ ಬಡಿಸುತ್ತಾರೆ, ಎರಡನೇ ಸಲಕ್ಕೆ ದುಡ್ಡಿಲ್ಲ. ಪಿಜ್ಜಾ, ಪಾಸ್ತಾ ತಿಂದವರು ಅದೇ ಹಣ ತೆತ್ತು ಒಂಬತ್ತು ಗಂಟೆಗೆ ಮತ್ತೆ ಹಸಿಯುತ್ತಾರೆ. ನೀರಿಗೆ ಕ್ಲೋರಿನ್ ಮಾತ್ರೆ ಒಯ್ಯಿರಿ: ನಲ್ಲಿ ನೀರಿಗೆ ಹಾಕಿ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾಯಬೇಕು, ನೀರು ತೀರಾ ತಣ್ಣಗಿದ್ದರೆ ಇನ್ನಷ್ಟು ಹೊತ್ತು. ಮೇಲಿನ ಐದು ದಿನದಲ್ಲಿ ಇದೊಂದೇ 3,000 ನೇಪಾಳಿ ರೂಪಾಯಿ ಉಳಿಸಬಲ್ಲದು.

ಅನ್ನಪೂರ್ಣ ಬೇಸ್ ಕ್ಯಾಂಪ್ ಕಡೆಗೆ (4,130 ಮೀಟರ್) ಹೋಗುವ ಸಸ್ಯಾಹಾರಿಗಳಿಗೆ ಇನ್ನೊಂದು ಅನುಕೂಲ. ಛೋಮ್‌ರಾಂಗ್ ದಾಟಿದ ಮೇಲೆ ಆ ಕಣಿವೆಯನ್ನು ಪವಿತ್ರವೆಂದು ನಂಬಿ ಮಾಂಸ ಒಯ್ಯುವುದಿಲ್ಲ, ಎಲ್ಲರಿಗೂ ಒಂದೇ ಅಡುಗೆ. ಪರವಾನಗಿ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂ. ದಿನದ ಖರ್ಚೂ ಖುಂಬುವಿಗಿಂತ ಕಡಿಮೆ, ಲುಕ್ಲಾ ವಿಮಾನದ ತಲೆಬಿಸಿಯೂ ಇಲ್ಲ. ಮೊದಲ ಸಲ ಹಿಮಾಲಯದ ಕಡೆ ಹೊರಟು ಹಣದ ಮಿತಿಯೂ ಇರುವವರಿಗೆ ನಾವು ಹೇಳುವುದು ಇದನ್ನೇ.

ಪ್ರಶ್ನೆ: ನೇಪಾಳಕ್ಕೆ ಫೋರೆಕ್ಸ್ ಕಾರ್ಡ್ ಮಾಡಿಸಬೇಕೇ? ನಗದು ಎಷ್ಟು ಒಯ್ಯಬೇಕು? (ಮಂಗಳೂರಿನ ಓದುಗರು)

ಉತ್ತರ: ಬೇಡ. ನಮ್ಮ ಬ್ಯಾಂಕುಗಳ ಫೋರೆಕ್ಸ್ ಕಾರ್ಡುಗಳು (ವಿದೇಶಿ ಹಣ ಮೊದಲೇ ತುಂಬಿಟ್ಟ ಕಾರ್ಡುಗಳು) ಸಾಮಾನ್ಯವಾಗಿ ನೇಪಾಳ, ಭೂತಾನ್‌ಗಳಲ್ಲಿ ನಡೆಯುವುದಿಲ್ಲ. ಈ ಎರಡು ದೇಶಗಳ ಪ್ರವಾಸಕ್ಕೆ ಡಾಲರ್ ಕೊಡುವ ಪದ್ಧತಿಯೂ ಇಲ್ಲ. ನಿಮ್ಮ ಸಾಮಾನ್ಯ ಡೆಬಿಟ್ ಕಾರ್ಡನ್ನು ತಿರುಗಿಸಿ ನೋಡಿ: ಹಲವು ಕಾರ್ಡುಗಳ ಹಿಂಬದಿ ಸಣ್ಣಕ್ಷರದಲ್ಲಿ 'ಭಾರತ, ನೇಪಾಳ ಮತ್ತು ಭೂತಾನ್‌ನಲ್ಲಿ ಮಾತ್ರ' ಎಂಬರ್ಥದ ಸಾಲಿರುತ್ತದೆ. ಆ ಕಾರ್ಡೇ ಅಲ್ಲಿ ಕೆಲಸಕ್ಕೆ ಬರುವುದು. ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಚಾಲೂ ಮಾಡಿ. ಎಟಿಎಂನಲ್ಲಿ ಪ್ರತಿ ಸಲ ಅಲ್ಲಿನ ಬ್ಯಾಂಕೊಂದು, ನಿಮ್ಮ ಬ್ಯಾಂಕೊಂದು ಶುಲ್ಕ ಹಾಕುತ್ತವೆ. ಐದು ಸಲ ಐದೈದು ಸಾವಿರ ತೆಗೆಯುವುದಕ್ಕಿಂತ ಒಂದೇ ಸಲ ಹೆಚ್ಚು ತೆಗೆಯಿರಿ.

2024ರ ಮಾರ್ಚ್‌ನಿಂದ ಫೋನ್‌ಪೇ ಕ್ಯೂಆರ್ ಇರುವ ನೇಪಾಳದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತಿದೆ. (ಇದು ನೇಪಾಳದ ಕಂಪನಿ. ನಮ್ಮಲ್ಲಿ ಅದೇ ಹೆಸರಿನಂತೆ ಕೇಳುವ ಆ್ಯಪ್ ಬೇರೆ.) ಕಠ್ಮಂಡು, ಪೋಖರಾಗಳಲ್ಲಿ ಊಟ, ಸಾಮಾನು ಇದರಲ್ಲೇ ಮುಗಿಸಿ, ನಗದನ್ನು ಬೆಟ್ಟಕ್ಕೆ ಉಳಿಸಿ. ಲುಕ್ಲಾ ಮತ್ತು ನಾಮ್ಚೆಯಲ್ಲಿ ಎಟಿಎಂ ಇದೆ, ಆದರೆ ಹಣ ಖಾಲಿ, ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ, ಈ ಮೂರರಲ್ಲಿ ಒಂದು ಕಾರಣಕ್ಕೆ ಕೈಕೊಟ್ಟೀತು. ನಾಮ್ಚೆ ಬಿಡುವಾಗ ಮುಂದಿನ ಅಷ್ಟೂ ದಿನದ ಹಣ ಜೇಬಿನಲ್ಲಿರಬೇಕು. ಭಾರತದ 100ರ ನೋಟುಗಳನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ದೊಡ್ಡ ನೋಟುಗಳ ನಿಯಮ ಮತ್ತೆ ಮತ್ತೆ ಬದಲಾಗಿರುವುದರಿಂದ ಬೆಟ್ಟದ ಲಾಡ್ಜಿನವರು ಅವನ್ನು ಕಂಡರೆ ಹಿಂಜರಿಯುತ್ತಾರೆ.

ಪ್ರಶ್ನೆ: ವಿಮೆಯ ಹಣವನ್ನು ಉಳಿಸಬಹುದೇ? (ಮೈಸೂರಿನ ಓದುಗರು)

ಉತ್ತರ: ಇಲ್ಲ. ಖುಂಬುವಿನಿಂದ ಹೆಲಿಕಾಪ್ಟರಿನಲ್ಲಿ ಇಳಿಸಲು ಸಾವಿರಾರು ಡಾಲರ್ ಆಗುತ್ತದೆ. ಪಾಲಿಸಿ ಕೊಳ್ಳುವಾಗ ನಾಲ್ಕು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ: ನೇಪಾಳ ಸೇರಿದೆಯೇ, ಎಷ್ಟು ಮೀಟರ್‌ವರೆಗೆ (ಬೇಸ್ ಕ್ಯಾಂಪ್ ಬಳಿ ಚಾರಣಿಗರು ಹತ್ತುವ ಕಾಲಾಪತ್ಥರ್ ಗುಡ್ಡ 5,500 ದಾಟುತ್ತದೆ, 6,000 ಇರಲಿ), ಹೆಲಿಕಾಪ್ಟರ್ ಸೇರಿದೆಯೇ, ಹಾರುವ ಮೊದಲು ಯಾವ ನಂಬರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಿಲ್ಲದೆ ಹಾರಿದರೆ ಕ್ಲೇಮ್ ಬಿದ್ದುಹೋಗುವುದೇ ಹೆಚ್ಚು. ಸಣ್ಣ ತಲೆನೋವಿಗೇ ಹೆಲಿಕಾಪ್ಟರ್ ಹತ್ತಿಸಿ ಕಮಿಷನ್ ಹೊಡೆಯುವ ದಂಧೆಯೂ ಅಲ್ಲಿ ನಡೆದಿದೆ. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯವಿದೆ, ಸೀಸನ್‌ನಲ್ಲಿ ವೈದ್ಯರಿರುತ್ತಾರೆ. ಅಲ್ಲಿಗೆ ತಲುಪಬಹುದಾದ ಸ್ಥಿತಿಯಿದ್ದರೆ ಮೊದಲು ಅವರ ಮಾತು ಕೇಳಿ.

ಪ್ರಶ್ನೆ: ವಿಯೆಟ್ನಾಂನ ಹಾ ಜಾಂಗ್ ಲೂಪ್ ಎಂಬ ಬೆಟ್ಟದ ದಾರಿಯಲ್ಲಿ ಬೈಕ್ ಬಾಡಿಗೆಗೆ ಪಡೆದು ನಾಲ್ಕು ದಿನ ಓಡಿಸಬೇಕೆಂದಿದ್ದೇನೆ. ದಿನಕ್ಕೆ ಎಷ್ಟು ಬೇಕಾದೀತು? ನನ್ನಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಇದೆ. (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಲೆಕ್ಕ ಕೆಡುವುದೇ ಆ ಕೊನೆಯ ವಾಕ್ಯದಲ್ಲಿ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಕೇಳದೆ ಬೈಕ್ ಕೊಟ್ಟಾರು, ಪೊಲೀಸರು ತಡೆದರೆ ಕಾಗದ ನಿಲ್ಲದು. ದಂಡ ಮಿಲಿಯನ್‌ಗಟ್ಟಲೆ ಡಾಂಗ್ (ವಿಯೆಟ್ನಾಂನ ಹಣ), ಮೇಲೆ ಬೈಕ್ ಜಪ್ತಿ, ಜಪ್ತಿಯಾದ ಅಷ್ಟೂ ದಿನದ ಬಾಡಿಗೆ ನಿಮ್ಮ ತಲೆಗೆ. ಇದಕ್ಕಿಂತ ಕೆಟ್ಟದ್ದು, ಮಾನ್ಯ ಪರವಾನಗಿಯಿಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆ ಆಸ್ಪತ್ರೆ ಬಿಲ್ಲನ್ನು ತಳ್ಳಿಹಾಕುತ್ತದೆ. ಮಾ ಪಿ ಲೆಂಗ್ ಘಾಟಿಯ ತಿರುವುಗಳಲ್ಲಿ ಬೀಳುವವರು ಕಡಿಮೆಯೇನಲ್ಲ.

ಆದ್ದರಿಂದ ಅಲ್ಲಿ 'ಈಜಿ ರೈಡರ್' ಎನ್ನುವ ವ್ಯವಸ್ಥೆಗೆ ಬಜೆಟ್ ಹಾಕಿ. ಸ್ಥಳೀಯ ಸವಾರ ಓಡಿಸುತ್ತಾನೆ, ನೀವು ಹಿಂದೆ. ನಾಲ್ಕು ಹಗಲು, ಮೂರು ರಾತ್ರಿಗೆ ಊಟ, ವಸತಿ, ಪೆಟ್ರೋಲ್ ಸೇರಿ ಸುಮಾರು 50ರಿಂದ 60 ಲಕ್ಷ ಡಾಂಗ್. ಸೊನ್ನೆಗಳಿಗೆ ಹೆದರಬೇಡಿ: ಕೊನೆಯ ಮೂರು ಸೊನ್ನೆ ಕಿತ್ತು 3.4ರಿಂದ ಗುಣಿಸಿದರೆ ರೂಪಾಯಿ. ಅಂದರೆ 17,000ದಿಂದ 20,400, ದಿನಕ್ಕೆ ಐದು ಸಾವಿರದ ಆಸುಪಾಸು. ಹನೋಯಿಯಿಂದ ಸ್ಲೀಪರ್ ಬಸ್ಸಿಗೆ ಒಂದು ಕಡೆಗೆ 3ರಿಂದ 4 ಲಕ್ಷ ಡಾಂಗ್, ಆರೇಳು ಗಂಟೆ. ಗಡಿ ಪ್ರದೇಶದ ಪರವಾನಗಿ 2,30,000 ಡಾಂಗ್; ಅದು ಪ್ಯಾಕೇಜಿನಲ್ಲಿ ಸೇರಿದೆಯೇ ಕೇಳಿ. ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್.

ನೀರು, ಕಾಫಿ, ದಾರಿಯ ತಿನಿಸಿಗೆ ದಿನಕ್ಕೆ 1.5 ಲಕ್ಷ ಡಾಂಗ್ ಬೇರೆ ಇಡಿ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ ಛಾಯೆಯವು. ಸಂಜೆಯ ಮಬ್ಬಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಒಂದೇ ಕಾಫಿಗೆ 1,600 ರೂಪಾಯಿ ಹೆಚ್ಚು ತೆತ್ತಂತೆ. ಐದು ಲಕ್ಷದವನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ.

ಕಾರ್ಡ್ ಉಜ್ಜುವಾಗ ಯಂತ್ರ 'ರೂಪಾಯಿಯಲ್ಲೋ ಡಾಂಗ್‌ನಲ್ಲೋ' ಎಂದು ಕೇಳಿದರೆ ಡಾಂಗ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ. ಕ್ರೆಡಿಟ್ ಕಾರ್ಡಿನ ಮಾರ್ಕಪ್ (ವಿದೇಶಿ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ) 3.5% ಎಂದಿದ್ದರೆ ಅದರ ಮೇಲೆ 18% ಜಿಎಸ್‌ಟಿ ಸೇರಿ 4.13% ಆಗುತ್ತದೆ. ಲಕ್ಷಕ್ಕೆ 4,130. ಮಾರ್ಕಪ್ ಇಲ್ಲದ ಕಾರ್ಡ್ ಮಾಡಿಸಿಕೊಳ್ಳುವುದು ಲಾಭವೇ.

ಪ್ರಶ್ನೆ: ಟಾಂಜಾನಿಯಾದ ಕಿಲಿಮಂಜಾರೋ ಪರ್ವತಕ್ಕೆ ಆರು ದಿನದ ಪ್ಯಾಕೇಜ್ ಅಗ್ಗ, ಏಳು ದಿನದ್ದು ದುಬಾರಿ. ಒಂದು ದಿನಕ್ಕೆ ಅಷ್ಟೊಂದು ವ್ಯತ್ಯಾಸ ಯಾಕೆ? ಆರೇ ದಿನಕ್ಕೆ ಮುಗಿಸಬಹುದೇ? (ದುಬೈಯಲ್ಲಿರುವ ಕನ್ನಡಿಗರೊಬ್ಬರು)

ಉತ್ತರ: ನೇಪಾಳದಲ್ಲಿ ಒಂದು ದಿನ ಹೆಚ್ಚಿದರೆ ಊಟ, ಕೋಣೆ ಅಷ್ಟೇ. ಇಲ್ಲಿ ಬೆಟ್ಟದ ಮೇಲಿನ ಒಂದೊಂದು ದಿನಕ್ಕೂ ಉದ್ಯಾನದ ಶುಲ್ಕವಿದೆ: ಪ್ರವೇಶ ದಿನಕ್ಕೆ 70 ಡಾಲರ್, ಟೆಂಟ್ ಹಾಕಲು ರಾತ್ರಿಗೆ 50, ರಕ್ಷಣಾ ಶುಲ್ಕ ಒಮ್ಮೆ 20, ಎಲ್ಲದರ ಮೇಲೆ 18% ವ್ಯಾಟ್. ಆರು ದಿನ ಐದು ರಾತ್ರಿಗೆ 814 ಡಾಲರ್, ಏಳು ದಿನ ಆರು ರಾತ್ರಿಗೆ 956. ಕೂಲಿ, ಊಟ ಸೇರಿಸುವ ಮೊದಲೇ 142 ಡಾಲರ್ ಅಂತರ.

ಆದರೂ ಏಳು ದಿನದ್ದನ್ನೇ ತೆಗೆದುಕೊಳ್ಳಿ. ಕಿಲಿಮಂಜಾರೋದ ತುದಿಯಾದ ಉಹುರು ಶಿಖರ 5,895 ಮೀಟರ್. ಸಮುದ್ರಮಟ್ಟದ ದುಬೈಯಿಂದ ಹೋದ ದೇಹಕ್ಕೆ ಆ ಹೆಚ್ಚುವರಿ ದಿನವೇ ಶಿಖರ ಮುಟ್ಟುವ ಅವಕಾಶವನ್ನು ಹೆಚ್ಚಿಸುವುದು. ಉಳಿಸಲೇಬೇಕಿದ್ದರೆ ಬೆಟ್ಟದ ಕೆಳಗೆ ಉಳಿಸಿ: ತಪ್ಪಲಿನ ಊರಾದ ಮೋಷಿಯಲ್ಲಿ ಸಾದಾ ಹೋಟೆಲು ಸಾಕು, ಮಲಗುವ ಚೀಲ, ಡೌನ್ ಜಾಕೆಟ್, ಊರುಗೋಲು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಜಾಕೆಟಿನ ಜಿಪ್ಪನ್ನು ಮಾತ್ರ ಹಿಂದಿನ ದಿನವೇ ಹಾಕಿ ತೆಗೆದು ನೋಡಿ.

ಏಳು ದಿನದ ಪ್ಯಾಕೇಜನ್ನು 1,300-1,400 ಡಾಲರಿಗೆ ಕೊಡುತ್ತೇವೆಂದರೆ ಸರ್ಕಾರಕ್ಕೆ ಕಟ್ಟಿದ ಮೇಲೆ ಉಳಿಯುವ 400 ಡಾಲರಿನಲ್ಲಿ ಎಂಟೊಂಬತ್ತು ಜನರ ಕೂಲಿ, ನಿಮ್ಮ ಊಟ, ಜೀಪು ಎಲ್ಲ ಆಗಬೇಕು. ಆಗುವುದಿಲ್ಲ. ಕೂಲಿ ತಪ್ಪುವುದು ಪೋರ್ಟರಿಗೆ. ಅಲ್ಲಿ ಪೋರ್ಟರ್ ಹೊರಬೇಕಾದ ಮಿತಿ 20 ಕಿಲೋ. ಗೇಟಿನಲ್ಲಿ ತೂಕ ನೋಡುತ್ತಾರೋ ಗಮನಿಸಿ. ಪೋರ್ಟರುಗಳ ಹಿತ ಕಾಯುವ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್‌ನ ಪಾಲುದಾರ ಕಂಪನಿಗಳ ಪಟ್ಟಿ ಸಿಗುತ್ತದೆ, ಅದರಿಂದ ಆರಿಸಿಕೊಳ್ಳಿ.

ಭಕ್ಷೀಸು ಇಲ್ಲಿ ನಿಮ್ಮಿಷ್ಟದ ಮಾತಲ್ಲ, ಬಜೆಟ್ಟಿನ ಭಾಗ. ಇಬ್ಬರು ಹತ್ತುವುದಾದರೆ ಮುಖ್ಯ ಗೈಡ್ ದಿನಕ್ಕೆ 20 ಡಾಲರ್, ಸಹಾಯಕ 15, ಅಡುಗೆಯವ 12, ಆರು ಪೋರ್ಟರುಗಳಿಗೆ ತಲಾ 8, ಒಟ್ಟು 95. ಏಳು ದಿನಕ್ಕೆ 665, ನಿಮ್ಮ ಪಾಲಿಗೆ 332 ಡಾಲರ್. ಎಲ್ಲವನ್ನೂ ಮುಖ್ಯ ಗೈಡಿನ ಕೈಗಿಟ್ಟು ಬರಬೇಡಿ. ಕೊನೆಯ ಶಿಬಿರದಲ್ಲಿ ಎಲ್ಲರ ಎದುರು ಯಾರಿಗೆಷ್ಟೆಂದು ಓದಿ, ಪೋರ್ಟರಿಗೆ ಪೋರ್ಟರ ಕೈಗೇ ಕೊಡಿ. ಅದಕ್ಕೆ 1, 5, 10, 20ರ ಬಿಡಿ ನೋಟುಗಳು ಬೇಕು, ದುಬೈಯಲ್ಲೇ ಹೊಂದಿಸಿಕೊಳ್ಳಿ. 2006ಕ್ಕೂ ಹಿಂದೆ ಮುದ್ರಣವಾದ, ಹರಿದ ಅಥವಾ ಪೆನ್ನಿನ ಗುರುತಿರುವ ಡಾಲರ್ ನೋಟನ್ನು ಟಾಂಜಾನಿಯಾದಲ್ಲಿ ಯಾರೂ ಮುಟ್ಟುವುದಿಲ್ಲ. ಹಣ ವಿನಿಮಯದ ಅಂಗಡಿಯಲ್ಲಿ ಎಣಿಸಿಕೊಳ್ಳುವಾಗಲೇ ಒಂದೊಂದು ನೋಟಿನ ವರ್ಷ ನೋಡಿ, ಹಳೆಯದಿದ್ದರೆ ಅಲ್ಲೇ ಬದಲಿಸಿಕೊಳ್ಳಿ.